ಮಲಕವ್ವ ಓದಿದ ಏಳು ಸೆಕೆಂಡು

ಮರಾಠಿ ಸೀಮೆಯ ಇಚಲಕರಂಜಿಯ ನಮ್ಮ ಓಣಿಯಲ್ಲಿ ಮಲಕವ್ವನ ಮನಸ್ಸಿಗೆ ಬಂದ ಸಮಾರಂಭ ಇದುವರೆಗೆ ಒಂದೂ ನಡೆದಿಲ್ಲ. ಮದುವೆಯಲ್ಲಿ ಮದುಮಕ್ಕಳ ತಲೆಯ ಮೇಲೆ ಡ್ರೋನ್ ಹಾರಿದರೆ, "ಅಕ್ಷತಾ ಆರಿಸಾಕ ಬಂದೈತೇನ ಈ ಕಾಗಿ?" ಎನ್ನುತ್ತಾಳೆ. ಚೌಕದಲ್ಲಿ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಎದ್ದರೆ ಕೆಳಗೆ ನಿಂತು ಅವನ ಹಲ್ಲು ಎಣಿಸಿ, "ಮೂವತ್ತಾರ ಅದಾವ ನೋಡ್ರಿ. ನಾಕು ಕಂಪ್ಯೂಟರದಾವ ಹಚ್ಚ್ಯಾನ" ಎನ್ನುತ್ತಾಳೆ. ಐವತ್ತೇಳು ವರ್ಷದ ಹೆಂಗಸು. ರಾಯಬಾಗ ಕಡೆಯ ಹಳ್ಳಿಯಿಂದ ಹದಿನೆಂಟನೆಯ ವಯಸ್ಸಿಗೆ ಸಾತಪ್ಪನ ಹೆಂಡತಿಯಾಗಿ ಬಂದವಳು. ಬಂದ ಎಂಟನೆಯ ದಿನಕ್ಕೇ ಮಗ್ಗದ ಶೆಡ್ಡಿನಲ್ಲಿ ಕಾಂಡಿ ಸುತ್ತಲು ಕೂತಳು. ಲಾಳಿಯ ಹೊಟ್ಟೆಯಲ್ಲಿ ಕೂರುವ ಗಿಡ್ಡ ಕೋಲಿಗೆ ನೂಲು ಸುತ್ತುವ ಕೆಲಸ ಅದು. ಮೂವತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾಳೆ. ಆ ಶೆಡ್ಡಿನ ಎದುರಿಗೇ ನನ್ನ ಅಂಗಡಿ, ಮಗ್ಗದ ಬಿಡಿಭಾಗ ಮಾರುತ್ತೇನೆ. ಹಾಗಾಗಿ ಅವಳ ಮಾತು ದಿನವೂ ನನಗೆ ಪುಕ್ಕಟೆ.

ಮಾತು ಎಂದೆ. ಶೆಡ್ಡಿನೊಳಗೆ ಮಾತು ಎಂಬುದು ಬೇರೆಯೇ. ನಲವತ್ತು ಪವರ್‌ಲೂಮ್ ಒಟ್ಟಿಗೆ ಬಡಿಯುವಲ್ಲಿ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳಿಸದು. ಅದಕ್ಕೇ ಅಲ್ಲಿ ಯಾರೂ ಕೂಗುವುದಿಲ್ಲ. ತುಟಿ ಆಡಿಸುತ್ತಾರೆ, ಎದುರಿನವರು ಓದಿಕೊಳ್ಳುತ್ತಾರೆ. ಮೂರು ಮಗ್ಗದಾಚೆ ನಿಂತವನ ಮನೆಯ ಜಗಳ, ಜ್ವರ, ಊಟದ ಡಬ್ಬಿಯ ಪಲ್ಯ ಎಲ್ಲ ಹಾಗೇ ತಿಳಿಯುತ್ತದೆ. ಸಾತಪ್ಪನ ಕಿವಿ ಹೋಗಿ ಹತ್ತು ವರ್ಷವಾದವು. ಗಂಡಹೆಂಡಿರ ಸಂಸಾರ ಮಾತ್ರ ಏನೂ ಕೆಡದೆ ತುಟಿಯ ಮೇಲೇ ನಡೆದಿದೆ.

ಇವರಿಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು ರುತುಜಾ. ಪುರಸಭೆ ಶಾಲೆಯ ಬಯಲಿನಲ್ಲಿ ಖೋ ಖೋ ಆಡುತ್ತ ಬೆಳೆದ ಹುಡುಗಿ. ತಾಯಿ ಒಂದು ದಿನವೂ ಹೊಗಳಲಿಲ್ಲ. "ಓಡೂದ ಓಡತಿ, ಹೊಳ್ಳಿ ಬರೂಮುಂದ ಹಾಲರೇ ತಗೊಂಡ ಬಾ" ಎನ್ನುತ್ತಿದ್ದಳು. ಆದರೆ ಶೆಡ್ಡಿನ ಪಾಳಿ ಮುಗಿದ ಮೇಲೆ ಬಯಲಿನ ಗೋಡೆಯ ಹೊರಗೆ, ಇಟ್ಟಿಗೆ ಬಿದ್ದ ಸಂದಿಯಲ್ಲಿ ಕಣ್ಣಿಟ್ಟು ನಿಂತಿದ್ದನ್ನು ನಾನೇ ನೋಡಿದ್ದೇನೆ. ಇಪ್ಪತ್ತನೆಯ ವಯಸ್ಸಿಗೆ ರುತುಜಾ ದೇಶದ ತಂಡಕ್ಕೆ ಆಯ್ಕೆಯಾದಳು. ದೂರದ ಒಂದು ದೊಡ್ಡ ನಗರದಲ್ಲಿ ಹನ್ನೊಂದು ದೇಶಗಳ ಪಂದ್ಯಾವಳಿ. ಗಡಹಿಂಗ್ಲಜದ ಪ್ರಿಯದರ್ಶನಿ ಎಂಬ ಹುಡುಗಿಯೂ ಅದೇ ತಂಡದಲ್ಲಿದ್ದಳು. ಅವಳ ಮನೆಮಾತೂ ಕನ್ನಡ, ಇಬ್ಬರಿಗೂ ಗಳಸ್ಯ ಕಂಠಸ್ಯ.

ಉದ್ಘಾಟನೆಯ ದಿನ ಶೆಡ್ಡಿನ ಮಾಲೀಕ ನಿಲೇಶ ಶೇಟ್ ಓಣಿಯ ಮಂಡಳದ ಹಾಲಿನಲ್ಲಿ ದೊಡ್ಡ ಪರದೆ ಕಟ್ಟಿಸಿದ. ಮಂಡಳದ ಅಧ್ಯಕ್ಷನೂ ಅವನೇ. ಮಧ್ಯಾಹ್ನದ ಪಾಳಿಗೆ ರಜೆ ಕೊಟ್ಟು, ಎಲ್ಲರೂ ಬರಬೇಕೆಂದ. ಕೇಬಲ್ ಚಾನೆಲ್ಲಿನ ವರದಿಗಾರ್ತಿ ಅಲಕಾ ಕ್ಯಾಮೆರಾದವನೊಂದಿಗೆ ಬಂದು, ಮಲಕವ್ವ ಸಾತಪ್ಪರನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದಳು. ಮಗಳು ಪರದೆಯ ಮೇಲೆ ಬಂದಾಗ ತಾಯಿ ಕಣ್ಣೊರೆಸಿಕೊಳ್ಳಬೇಕು, ಆಗ ತಾನು ಮೈಕು ಹಿಡಿಯುತ್ತೇನೆ ಎಂದು ಹೇಳಿಕೊಟ್ಟಳು.

"ಯಾಕ ಅಳಬೇಕವ್ವಾ? ಸತ್ತಾಳೇನ ಅಕಿ?" ಎಂದಳು ಮಲಕವ್ವ.

ಸಂಜೆ ಐದೂವರೆಗೆ ಶುರುವಾಯಿತು. ಮೊದಲು, ಆಗಲೇ ಕತ್ತಲಾಗಿದ್ದ ಅಲ್ಲಿಯ ಆಕಾಶದಲ್ಲಿ ಸಾವಿರಾರು ಡ್ರೋನ್‌ಗಳು ಸೇರಿ ಒಂದು ಹುಲಿಯಾದವು. ಹುಲಿ ಒಡೆದು ಓಡುವ ಆಟಗಾರ್ತಿಯಾಯಿತು. ಗಾಳಿಗೋ ಏನೋ ಒಂದಿಷ್ಟು ದೀಪ ಸರಿದು ಅವಳಿಗೆ ಮೂರನೆಯ ಕಾಲೊಂದು ಮೂಡಿತು.

"ಮೂರು ಕಾಲಿನಾಕಿನ್ನ ತಂಡಕ್ಕ ತಗೊಂಡಾರ ಅಂದ್ರ ನಮ್ಮ ಹುಡುಗ್ಯಾರ ಗತಿ ಏನ್ರೀ?" ಎಂದ ಹಿಂದಿನ ಸಾಲಿನ ಗುಂಡು. ಅವನು ಮಗ್ಗ ನಡೆಸುವವನು, ಬಾಯಿ ಬಿಗಿಹಿಡಿದು ಗೊತ್ತಿಲ್ಲದವನು. ಹಾಲಿಗೆ ಹಾಲೇ ನಕ್ಕಿತು. ನಿಲೇಶ ಶೇಟ್ ಹಿಂತಿರುಗಿ ಕಣ್ಣು ಬಿಟ್ಟ.

ಆಮೇಲೆ ಒಬ್ಬ ನಟಿ ಕ್ರೇನಿನಿಂದ ಬೆಳ್ಳಿಯ ರೆಕ್ಕೆ ಹೊತ್ತು ಇಳಿದಳು. ಅರ್ಧದಲ್ಲಿ ಕ್ರೇನು ನಿಂತು, ಎರಡು ನಿಮಿಷ ತೂಗಾಡುತ್ತ ನಗುತ್ತಲೇ ಇದ್ದಳು. ಅದರ ನಂತರ 'ಶ್ರಮದ ಹಾಡು'. ಇನ್ನೂರು ಕುಣಿತದವರು ಜರಿಯ ಲಂಗ ಉಟ್ಟು ನೇಕಾರರಾಗಿ ಬಂದರು. ನಡುವೆ ಬಂಗಾರದ ಬಣ್ಣದ ದೊಡ್ಡ ಮಗ್ಗ. ಲಾಳಿ ಎಂದು ದೋಣಿಯಷ್ಟು ದೊಡ್ಡದೊಂದನ್ನು ಆಚೆ ಈಚೆ ಎಳೆದಾಡಿದರು.

ನೂರೈವತ್ತು ಜನ ನೇಕಾರರು ಕೂತ ಹಾಲು ಅದು.

"ಅಯ್ಯ, ಹಾಸಿನ ನೂಲ ಇಲ್ಲಲ್ಲೋ!" ಎಂದಳು ಮಲಕವ್ವ. "ಬರೇ ಲಾಳಿ ಒಗ್ಯಾಕತ್ತಾರ. ಏನ ನೇಯ್ತಾವು ಈ ಮುಕಳಿಗೇಡಿಗಳು, ಗಾಳಿ?"

"ಕಾಕೂ, ಕಲಾ ಅದು, ಕಲಾ," ಎಂದ ನಿಲೇಶ ಶೇಟ್.

"ಕಲಾ ಇದ್ರ ಇರಲಿ ಸಾವಕಾರ್ರ. ನಿಮ್ಮ ಶೆಡ್ಡಿನ್ಯಾಗ ನಾಳಿಂದ ಹಿಂಗ ನೇಯ್ತೇವು. ನೀವು ಸುಮ್ಮ ಚಪ್ಪಾಳಿ ಹೊಡೀರಿ."

ಅಲ್ಲಿಂದ ಮುಂದೆ ಯಾರ ಬಾಯಿಯೂ ನಿಲ್ಲಲಿಲ್ಲ. ಮಂತ್ರಿ ತೆರೆದ ಜೀಪಿನಲ್ಲಿ ಮೈದಾನದ ಸುತ್ತ ಎರಡು ಸುತ್ತು ಹಾಕಿದಾಗ, "ಚೇಸಿಂಗ್ ಮಾಡಾಕತ್ತಾನ, ಖೋ ಕೊಡ್ರೋ ಅವಂಗ" ಎಂದು ಕೂಗಿದರು. ಅವನ ಭಾಷಣ ಇಪ್ಪತ್ತಾರು ನಿಮಿಷ ನಡೆಯಿತು, ನಾನು ಗಡಿಯಾರ ನೋಡಿಕೊಂಡಿದ್ದೆ. ಅದರಲ್ಲಿ ಆಟದ ಹೆಸರು ಎರಡೇ ಸಲ ಬಂತು, ಅದರಲ್ಲೂ ಒಂದು ಸಲ ಕಬಡ್ಡಿ ಎಂದು. ಆಟಗಾರ್ತಿಯರು ಮಾತ್ರ ಇನ್ನೂ ಕಂಡಿರಲಿಲ್ಲ. ಮೈದಾನದ ಅಂಚಿನಲ್ಲಿ ದೂರದಿಂದ ಬಣ್ಣದ ಪಟ್ಟಿಯ ಹಾಗೆ ಯಾರೋ ನಿಂತಿದ್ದರು, ಅಷ್ಟೆ.

ಏಳೂಕಾಲರ ಹೊತ್ತಿಗೆ ಕ್ಯಾಮೆರಾ ಕೊನೆಗೂ ಆ ಕಡೆ ಹೊರಳಿತು. ನೀಲಿ ಕೋಟಿನ ನಮ್ಮ ತಂಡ. ಮೂರನೆಯವಳು ರುತುಜಾ, ಪಕ್ಕದಲ್ಲಿ ಪ್ರಿಯದರ್ಶನಿ. ರುತುಜಾಳ ತುಟಿ ಆಡುತ್ತಿದ್ದವು. ವೀಕ್ಷಕ ವಿವರಣೆಯವನು ಗದ್ಗದ ಕಂಠದಲ್ಲಿ ಹಿಂದಿಯಲ್ಲಿ ಹೇಳಿದ: ನೋಡಿ, ನಮ್ಮ ಹೆಣ್ಣುಮಕ್ಕಳ ಕಣ್ಣಲ್ಲಿ ಹೆಮ್ಮೆಯ ನೀರು, ತುಟಿಯ ಮೇಲೆ ತಾಯ್ನಾಡಿನ ಹೆಸರು.

ಏಳು ಸೆಕೆಂಡು ಇರಬಹುದು. ಮತ್ತೆ ನಟಿಯ ಮುಖ ಬಂತು.

ಹಾಲಿನಲ್ಲಿ ಮೊದಲು ಸಾತಪ್ಪ ಎದ್ದು ನಿಂತ. ಕಿವುಡನಾದ ಅವನಿಗೆ ವಿವರಣೆ ಕೇಳಿಸಿರಲಿಲ್ಲ, ಮಗಳ ಮಾತಷ್ಟೇ ಕಂಡಿತ್ತು. "ನೀರ ಕೊಟ್ಟಿಲ್ಲಂತ!" ಎಂದು ಕೂಗಿದ. ಸುತ್ತಲಿದ್ದವರೆಲ್ಲ ಅದನ್ನೇ ಓದಿದ್ದರು. ನಗೆ ನಿಂತುಹೋಯಿತು.

ಅಲಕಾ ಏನಾಯಿತೆಂದು ತಿಳಿಯದೆ, ಒಪ್ಪಂದದಂತೆ ಮೈಕು ಹಿಡಿದಳು. "ಕಾಕೂ, ಕಸಂ ವಾಟತಂಯ್?" ಹೇಗೆ ಅನಿಸುತ್ತಿದೆ ಎಂಬ ಆ ಪ್ರಶ್ನೆಗೆ ಮಲಕವ್ವ ಮರಾಠಿಯಲ್ಲಿ ಉತ್ತರಿಸಲಿಲ್ಲ. ಕ್ಯಾಮೆರಾ ನೋಡಿ ತನ್ನ ಭಾಷೆಯಲ್ಲೇ ಹೇಳಿದಳು.

"ನಮ್ಮ ಹುಡುಗಿ ಏನಂದ್ಲು ಹೇಳ್ತೇನಿ, ಕೇಳ್ರಿ. 'ಮೂರ ಗಂಟೇಲಿಂದ ನಿಂದರಿಸ್ಯಾರ. ಕಾಲ ಮರಗಟ್ಟ್ಯಾವ. ನೀರ ಕೇಳಿದ್ರ ಕ್ಯಾಮೆರಾ ಹೋಗ್ಲಿ ಅಂತಾರ. ಆ ಕಡೆ ನಿಂತಾಕಿ ಒಬ್ಬಾಕಿ ಕೆಳಗ ಬಿದ್ಲು ನೋಡ.' ಇಷ್ಟ ಅಂದ್ಲು. ಇದು ತಾಯ್ನಾಡಿನ ಹೆಸರೇನ್ರಿ? ಡ್ರೋನಿಗೆ ಬ್ಯಾಟ್ರಿ ತುಂಬಾಕ ರೊಕ್ಕ ಐತಿ, ಹುಡುಗ್ಯಾರಿಗೆ ಒಂದ ಚರಿಗಿ ನೀರಿಲ್ಲ. ಆಡಾಕ ಕರದ್ರೋ, ಕಂಬ ಮಾಡಿ ನಿಂದರಿಸಾಕ ಕರದ್ರೋ?"

ಅಲಕಾ ಚಾನೆಲ್ಲಿಗೆ ಕಳಿಸುವ ಮೊದಲೇ ಹಾಲಿನಲ್ಲಿದ್ದ ಫೋನುಗಳಿಂದ ಆ ಮಾತು ಹೊರಟುಹೋಗಿತ್ತು. ಮರುದಿನ ಬೆಳಿಗ್ಗೆ ಹಾತಕಣಂಗಲೆ ಸ್ಟೇಶನ್ನಿನ ಚಹಾದಂಗಡಿಯಲ್ಲೂ ಅದೇ ಆಡುತ್ತಿತ್ತೆಂದು ನನ್ನ ಗಿರಾಕಿಯೊಬ್ಬ ಹೇಳಿದ.

ಹನ್ನೊಂದು ಗಂಟೆಗೆ ಸಂಘಟಕರ ಕಡೆಯ ಯಾರೋ ಒಬ್ಬರು ನಿಲೇಶ ಶೇಟ್‌ಗೆ ಫೋನು ಮಾಡಿದರು. ಶೇಟ್‌ನ ಕೋಣೆ ಶೆಡ್ಡಿನ ಮೂಲೆಯಲ್ಲಿ, ಗಾಜಿನ ಗೋಡೆಯ ಹಿಂದೆ. ಸದ್ದು ಒಳಗೆ ಬಾರದಿರಲೆಂದು ಅವನೇ ಕೂರಿಸಿದ ಗಾಜು. ಅವನು ಕುರ್ಚಿಯಲ್ಲಿ ತಿರುಗುತ್ತ ಮಾತಾಡಿದ. ಹೊರಗೆ ಕಾಂಡಿ ಯಂತ್ರದ ಮುಂದೆ ಮಲಕವ್ವ ಕೂತಿದ್ದಳು. ಫೋನಿಟ್ಟು ಅವನು ಅವಳನ್ನು ಒಳಗೆ ಕರೆಸಿದ. ಹೊಸ ಬೇರಿಂಗಿನ ಬಿಲ್ಲಿಗೆ ಸಹಿ ಹಾಕಿಸಲು ನಾನೂ ಅಲ್ಲೇ ನಿಂತಿದ್ದೆ.

"ಕಾಕೂ, ತುಟಿ ಓದೂದು ಗಿದೂದು ಎಲ್ಲಾ ಅಂದಾಜಿನ ಕೆಲಸ," ಎಂದು ಶುರುಮಾಡಿದ. "ತಪ್ಪ ತಿಳಕೊಂಡಿದ್ದೆ ಅಂತ ಎರಡ ಮಾತ ಹೇಳಿಬಿಡ್ರಿ. ಅಲಕಾಗ ಕರಸ್ತೇನಿ."

ಮಲಕವ್ವ ಸೆರಗಿನಿಂದ ಹತ್ತಿಯ ಧೂಳು ಕೊಡವಿಕೊಂಡಳು. "ಈಗ ಫೋನಿನ್ಯಾಗ ನೀವು ಏನಂದ್ರಿ ಹೇಳ್ಲೇನ್ರಿ? 'ಸಾಹೇಬ್ರ, ಅಕ್ಷರ ಬಾರದ ಅಡಾಣಿ ಹೆಂಗಸ ಅದು. ಅಕಿಗೇನ ತಿಳೀತೈತಿ? ನಾ ಸುಮ್ಮ ಕೂಡಸ್ತೇನಿ. ಹುಡುಗಿ ಬಂದ ಮ್ಯಾಲ ನಮ್ಮ ಮಂಡಳದ ಸತ್ಕಾರಕ್ಕ ನೀವು ಬರೂದ ಮಾತ್ರ ತಪ್ಪಸಬ್ಯಾಡ್ರಿ.' ಅಂದಾಜ ಬರೋಬ್ಬರಿ ಐತೇನ್ರಿ?"

ಶೇಟ್ ಮಾತಾಡಿದ್ದು ಮರಾಠಿಯಲ್ಲಿ. ಅವಳು ಕನ್ನಡಕ್ಕೆ ತಂದು ಹೇಳಿದ್ದಳು. ಅವನ ಕಿವಿ ಕೆಂಪಾದವು. ನಾನು ಬಿಲ್ಲು ಮಡಚಿ ಕಿಸೆಗೆ ಹಾಕಿಕೊಂಡು ಹೊರಗೆ ಬಂದೆ. ಸಂಜೆಯೊಳಗೆ ಆ ಗಾಜಿಗೆ ಪರದೆ ಬಂತು.

ಓಣಿಯಲ್ಲಿ ಎರಡು ದಿನ ಮಲಕವ್ವನದೇ ರಾಜ್ಯ. ಮೂರನೆಯ ದಿನ ಮಗಳ ಫೋನು ಬಂತು.

"ನನ್ನ ಬಾಯಾಗಿನ ಮಾತು ಊರಿಗೆಲ್ಲಾ ಯಾಕ ಹೇಳಿದಿ?" ಎಂದು ರುತುಜಾ ಅತ್ತಳಂತೆ. ತಂಡದ ಮ್ಯಾನೇಜರ ಅವಳನ್ನು ಎಲ್ಲರೆದುರು ನಿಲ್ಲಿಸಿ ಬೈದು, ಕ್ಷಮಾಪಣೆ ಬರೆಸಿಕೊಂಡಿದ್ದ. ಎರಡನೆಯ ಪಂದ್ಯಕ್ಕೆ ಅವಳನ್ನು ಬೆಂಚಿನ ಮೇಲೆ ಕೂರಿಸಿದ್ದ. "ನಾ ಪ್ರಿಯಾಗ ಅಂದಿದ್ದೆ, ನಿನಗ ಅಂದಿರ್ಲಿಲ್ಲ. ನಿನಗ ಎಲ್ಲಾದ್ರಾಗೂ ಕೊಂಕ. ಅದಕ್ಕ ನಾ ಆಡೂದ ತಪ್ಪಿತು."

ಮಧ್ಯಾಹ್ನ ಮಲಕವ್ವ ನನ್ನ ಅಂಗಡಿಯ ಕಟ್ಟೆಗೆ ಬಂದು ಕೂತಳು. "ನೀರಿಲ್ಲ ಅಂದಿದ್ದ ಕಂಡು ಸುಮ್ಮ ಕೂಡ್ಲಾಕ ಆಗಲಿಲ್ಲೋ ತಮ್ಮಾ," ಎಂದಳು. "ಆದ್ರ ಅಕಿ ಅಂದಿದ್ದೂ ಖರೇನ. ಹೇಳೂ ಮಾತ ಅಕೀದಿತ್ತು. ನಾ ಕಸಗೊಂಡೆ." ನಾನು ಚಹಾ ತರಿಸಿದೆ, ಅರ್ಧ ಕುಡಿದು ಎದ್ದುಹೋದಳು.

ಪಂದ್ಯಗಳನ್ನು ಯಾವ ಚಾನೆಲ್ಲೂ ತೋರಿಸುತ್ತಿರಲಿಲ್ಲ. ಉದ್ಘಾಟನೆಯನ್ನು ಎಂಟು ಚಾನೆಲ್ ತೋರಿಸಿದ್ದವು. ನಟಿ ತೂಗಾಡಿದ್ದನ್ನು ವಾರವಿಡೀ ಮರುಪ್ರಸಾರ ಮಾಡಿದರು. ಆಟ ನಡೆದದ್ದು ಖಾಲಿ ಕುರ್ಚಿಗಳ ಮುಂದೆ, ಬೆಳಿಗ್ಗೆ ಒಂಬತ್ತಕ್ಕೆ. ನಮಗೆ ಸುದ್ದಿ ಸಿಗುತ್ತಿದ್ದುದು ಪ್ರಿಯದರ್ಶನಿ ಗಡಹಿಂಗ್ಲಜದ ತನ್ನ ಅಣ್ಣನಿಗೆ ಕಳಿಸುತ್ತಿದ್ದ ನಾಲ್ಕು ಸಾಲಿನ ಸಂದೇಶದಿಂದ. ಸೆಮಿಫೈನಲ್ಲಿನ ಹಿಂದಿನ ದಿನ ಅವಳದೊಂದು ಉದ್ದ ಸಂದೇಶ ಬಂತು. ತಂಡದ ಉಳಿದ ಹದಿನಾಲ್ಕು ಹುಡುಗಿಯರೂ ಸೇರಿ ಮ್ಯಾನೇಜರನ ಬಳಿ ಹೋಗಿ, ಆ ಮಾತು ತಾವೆಲ್ಲರೂ ಆಡಿದ್ದು, ಕ್ಯಾಮೆರಾ ರುತುಜಾಳ ಮುಂದೆ ಬಂದದ್ದಷ್ಟೇ ಅವಳ ತಪ್ಪು, ಎಲ್ಲರಿಂದಲೂ ಕ್ಷಮಾಪಣೆ ಬರೆಸಿಕೊಂಡು ಎಲ್ಲರನ್ನೂ ಬೆಂಚಿಗೆ ಕೂರಿಸಿ ಎಂದಿದ್ದರು. ಅವನು ಹದಿನಾಲ್ಕು ಕಾಗದ ಬರೆಸಿಕೊಳ್ಳಲಿಲ್ಲ. ಸೆಮಿಫೈನಲ್ಲಿನಲ್ಲಿ ರುತುಜಾ ಆಡಿದಳು. ಮೂರು ನಿಮಿಷ ಹತ್ತು ಸೆಕೆಂಡು ಯಾರ ಕೈಗೂ ಸಿಗದೆ ಓಡಿದಳು. ಫೈನಲ್ಲೂ ಗೆದ್ದರು.

ಸಮಾರೋಪ ಸಮಾರಂಭವನ್ನು ಮಾತ್ರ ಮತ್ತೆ ಎಂಟೂ ಚಾನೆಲ್ ತೋರಿಸಿದವು. ಈ ಸಲ ಆಟಗಾರ್ತಿಯರಿಗೆ ಕುರ್ಚಿ ಹಾಕಿದ್ದರು. ಪ್ರತಿ ಕುರ್ಚಿಯ ಕೆಳಗೆ ನೀರಿನ ಬಾಟಲಿ. 'ಕ್ರೀಡಾಪಟುಗಳಿಗೆ ಸಂದ ಅಪೂರ್ವ ಗೌರವ' ಎಂದು ವಿವರಣೆಯವನು ಮತ್ತೆ ಗದ್ಗದನಾದ.

"ಕುಂಡ್ರಾಕ ಕುರ್ಚಿ ಕೊಟ್ಟಿದ್ದಕ್ಕ ಅಳಾಕತ್ತಾನಲ್ರಿ, ನಾಳೆ ಊಟಕ್ಕ ಹಾಕಿದ್ರ ಜೀವ ಬಿಡ್ತಾನ," ಎಂದ ಗುಂಡು. ಪರದೆಯ ಮೇಲೆ ಹುಡುಗಿಯರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದರು. ಮಲಕವ್ವ ಅದನ್ನು ನೋಡಿ ನಕ್ಕಳೋ, ತುಟಿ ಕಚ್ಚಿಕೊಂಡಳೋ, ಗೊತ್ತಾಗಲಿಲ್ಲ.

ರುತುಜಾ ಮನೆಗೆ ಬಂದಳು. ಮೊದಲ ದಿನ ತಾಯಿಯೊಡನೆ ಮಾತಿಲ್ಲ. ತಂದೆಯೊಡನೆ ತುಟಿಯಲ್ಲೇ ಮಾತಾಡಿದಳು, ತಾಯಿ ಕಂಡಾಗ ಮುಖ ತಿರುಗಿಸುತ್ತಿದ್ದಳು. ಎರಡನೆಯ ದಿನ ಮಲಕವ್ವ ಅವಳ ಬಾತ ಕಾಲಿಗೆ ಬಿಸಿ ಎಣ್ಣೆ ಹಚ್ಚುತ್ತ, "ನಾ ನಿನ್ನ ಕೇಳಿ ಹೇಳಬೇಕಿತ್ತು. ತಪ್ಪಾತು" ಎಂದಳಂತೆ. ಮಗಳು, "ಎಡಗಾಲ ಜಾಸ್ತಿ ನೋಯ್ತೈತಿ, ಅಲ್ಲೆ ಹಚ್ಚು" ಎಂದಳಂತೆ. ಸಾತಪ್ಪ ನನಗೆ ಹೇಳಿದ್ದು ಇಷ್ಟೇ.

ಮಂಡಳದ ಸತ್ಕಾರ ಆ ಭಾನುವಾರ ನಡೆಯಿತು. ನಾಲ್ಕೂವರೆಗೆ ಎಂದು ಚೀಟಿ ಹಂಚಿದ್ದರು, ಆರಾದರೂ ಮುಖ್ಯ ಅತಿಥಿ, ಶೇಟ್‌ಗೆ ಫೋನು ಮಾಡಿದ್ದ ಆ ಸಾಹೇಬ, ಬರಲಿಲ್ಲ. ವೇದಿಕೆಯ ಮೇಲೆ ಫ್ಯಾನು, ಸೋಫಾ, ಬಾಟಲಿ ನೀರು. ಕೆಳಗೆ ಬಿಸಿಲಿನಲ್ಲಿ, ಅತಿಥಿ ನಡೆದುಬರುವ ದಾರಿಯ ಎರಡೂ ಬದಿಗೆ, ಅರವತ್ತು ಶಾಲಾ ಹುಡುಗಿಯರು ಸ್ವಾಗತಕ್ಕೆ ಬಾರಿಸುವ ಲೇಝಿಮ್ ಹಿಡಿದು ನಿಂತಿದ್ದರು. ನಿಲೇಶ ಶೇಟ್ ಐದು ನಿಮಿಷ, ಐದು ನಿಮಿಷ ಎನ್ನುತ್ತಲೇ ಇದ್ದ.

ಮಲಕವ್ವ ಈ ಸಲ ತುಟಿಪಿಟಕ್ಕೆನ್ನಲಿಲ್ಲ. ಸೋಫಾದಿಂದ ಎದ್ದವಳು ರುತುಜಾ. ವೇದಿಕೆಯ ಬಾಟಲಿಗಳನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಕೆಳಗಿಳಿದಳು. "ಬಸಾ ಗ ಪೋರೀನೋ, ಬಸಾ," ಕೂತುಕೊಳ್ಳಿರೇ ಎಂದು ಒಂದು ತುದಿಯಿಂದ ಹಂಚುತ್ತ ಹೋದಳು. ಹುಡುಗಿಯರು ಮೇಷ್ಟರ ಮುಖ ನೋಡಿದರು, ರುತುಜಾಳ ಮುಖ ನೋಡಿದರು, ಕೂತರು. ಸ್ವಲ್ಪ ಹೊತ್ತಿಗೆ ಕಾರು ಬಂದು ಅತಿಥಿ ಇಳಿದಾಗ ಲೇಝಿಮ್ ಸದ್ದಿಲ್ಲ, ಹೂ ಎರಚುವವರಿಲ್ಲ. ಕಾಲು ಚಾಚಿ ನೀರು ಕುಡಿಯುತ್ತಿದ್ದ ಹುಡುಗಿಯರನ್ನು ದಾಟಿಕೊಂಡು, ಧೋತರದ ಅಂಚು ಎತ್ತಿ ಹಿಡಿದು, ಅವನೊಬ್ಬನೇ ನಡೆದುಬಂದ.

ಭಾಷಣವನ್ನು ಯಾರೂ ಕೇಳಲಿಲ್ಲ. ಶಾಲು ಹೊದಿಸಿಕೊಂಡು ರುತುಜಾ ಕೆಳಗೆ ಬಂದಾಗ ಮಲಕವ್ವ ಶಾಲಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದಳು.

"ಹೇಳ, ಹೇಳಿಬಿಡ," ಎಂದಳು ಮಗಳು.

"ಪಾಲಿಸ್ಟರ್."

ಇಬ್ಬರೂ ಸಾತಪ್ಪನನ್ನು ಎಬ್ಬಿಸಿಕೊಂಡು ಮನೆಯ ಕಡೆ ನಡೆದರು.