ಚರಗದ ಮೂರನೆಯ ಕರೆ

ಮಗಳು ತನ್ನ ಮದುವೆಗೆ ಕಲ್ಯಾಣ ಮಂಟಪ ಬೇಡ, ದೇಸೂರಿನಲ್ಲಿರುವ ನನ್ನ ತವರಿನ ಹೊಲದಲ್ಲೇ ಆಗಲಿ ಎಂದಾಗ ನಾನು ಬಿಸಿಲು, ಧೂಳು, ಹಿರಿಯರಿಗೆ ಕೂರಲು ತ್ರಾಸು ಎಂದು ಹತ್ತು ನೆಪ ಹೇಳಿದೆ. ಖರೇ ಕಾರಣ ಬಾಯಿಗೆ ಬರಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಮೂರು ವರ್ಷ ನಾನು ಆ ಹೊಲದಲ್ಲಿ ಕಾಲಿಟ್ಟಿರಲಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವಾಗ ಹೊಲ ಕಾಣದ ಬಾಜೂ ನೋಡಿ ಬಸ್ಸಿನಲ್ಲಿ ಕೂರುತ್ತಿದ್ದೆ.

ಅದೂ ಬರೀ ಬಯಲಿನ ಮದುವೆಯಲ್ಲ, ಎಳ್ಳಮಾಸಿ, ಅಂದರೆ ಎಳ್ಳಮಾವಾಸ್ಯೆಯ ಥೀಮ್ ಅಂತೆ. ಹಬ್ಬ ಕಳೆದು ತಿಂಗಳಾದ ಮೇಲೆ ಮತ್ತೊಮ್ಮೆ ಹಬ್ಬ! ಬನ್ನಿ ಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ, ನೆಲಕ್ಕೆ ಜಮಖಾನೆ ಹಾಸಿ ಊಟ, ಸಜ್ಜಿ ರೊಟ್ಟಿ, ಕಡಬು, ಎಣ್ಣಿಗಾಯಿ. ಅಕ್ಷತೆ ಆದ ಕೂಡಲೇ ಚರಗ. ಅಂದರೆ ಅಡುಗೆಯನ್ನೆಲ್ಲ ಕಲಸಿ ಬುಟ್ಟಿಯಲ್ಲಿ ಹೊತ್ತು, ಭೂಮಿತಾಯಿಗೆಂದು ಹೊಲದ ತುಂಬ ಚೆಲ್ಲುವುದು. ಮುಂದೆ ಹೋಗುವವನು ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ತಂಬಿಗೆ ಹಿಡಿದು ಹಿಂದೆ ಬರುವವರು ನೀರು ಚಿಮುಕಿಸುತ್ತ "ಚಲಾಂಬರಿಗೋ" ಎಂದು ಓಗೊಡಬೇಕು. ಊರಿಗೊಂದು ಥರ ಅನ್ನುತ್ತಾರೆ, ಅರ್ಥ ಯಾರಿಗೂ ಗೊತ್ತಿಲ್ಲ. ಬೀಗರು ಖಾನಾಪುರದವರು, ಮನೆಯಲ್ಲಿ ಮರಾಠಿ. ನಮ್ಮ ಬೀಗಿತ್ತಿ ಕೇಳಿ ನಕ್ಕರು: "ಕನ್ನಡಾನೂ ಅಲ್ಲ, ಮರಾಠೀನೂ ಅಲ್ಲ. ಇಬ್ಬರಿಗೂ ತಿಳಿಯಂಗಿಲ್ಲ, ಛಲೋನ ಆತು."

ನಮ್ಮ ಮನೆಯಲ್ಲಿ ಕರೆಯುವವನು ಅಣ್ಣ, ಓಗೊಡುವವಳು ನಾನು. ಹತ್ತು ವರ್ಷದವಳಿದ್ದಾಗಿನಿಂದ ಮದುವೆಯಾಗಿ ಮಗಳು ಹುಟ್ಟಿದ ಮೇಲೂ ಹಾಗೆಯೇ. ನನ್ನ ದನಿ ಸಣ್ಣದು, ಕೊನೆಯ "ಗೋ"ವನ್ನು ಮೇಲಕ್ಕೆ ಎಳೆಯುತ್ತಿದ್ದೆ. ಅಣ್ಣ ಅದನ್ನೇ ಅಣಕಿಸಿ ವರ್ಷವಿಡೀ ನನ್ನನ್ನು ಕಾಡುತ್ತಿದ್ದ.

ಮದುವೆಯ ವ್ಯವಸ್ಥೆ ವಹಿಸಿಕೊಂಡ ಹುಡುಗಿ ಒಂದು ಮಧ್ಯಾಹ್ನ ಮನೆಗೆ ಬಂದಳು. ರವಿವಾರ ಪೇಟೆಯಲ್ಲಿ ಬಿದಿರಿನ ಬುಟ್ಟಿಗೆ ಹೇಳಿ ಬಂದಿದ್ದಳು. ಬಣ್ಣದ ಚಿತ್ರ ತೋರಿಸಿದಳು, ಚಹಾ ಕುಡಿದಳು. ಆಗ ಮಗಳು ತನ್ನ ಫೋನು ತೆಗೆದು, "ಇದನ್ನ ಸ್ಪೀಕರ್‌ನ್ಯಾಗ ಹಾಕೂಣು. ನಾ ಪುಣೆದಾಗ ಇದ್ದಾಗ ಮಾಮಾ ಕಳಸಿದ್ದು," ಎಂದಳು.

ಅಣ್ಣನ ದನಿ ನಮ್ಮ ಪಡಸಾಲೆಯಲ್ಲಿ ಎದ್ದು ನಿಂತಿತು. "ಕೇಳವಾ ಮಗಳ, ನಿಮ್ಮವ್ವ ಹೆಂಗ ಓಗೊಡತಾಳ ಕೇಳ." ಆಮೇಲೆ "ಹುಲ್ಲುಲ್ಲಿಗೋ". ಸ್ವಲ್ಪ ಹೊತ್ತು ಗಾಳಿ, ದೂರದಲ್ಲೊಂದು ರೈಲು. ನಂತರ ಸಣ್ಣ ದನಿಯಲ್ಲಿ "ಚಲಾಂಬರಿಗೋ". ಮತ್ತೆ ಹಾಗೆಯೇ ಒಂದು ಕರೆ, ಒಂದು ಓ. ಮೂರನೆಯ ಸಲ ಅವನು ಕರೆದ, ಅಲ್ಲಿಗೇ ರೆಕಾರ್ಡಿಂಗ್ ಮುಗಿಯಿತು.

ನಾನು ಕೈಯಲ್ಲಿದ್ದ ಕಪ್ಪು ಕೆಳಗಿಟ್ಟೆ. ಆ ಹುಡುಗಿ ಮಾತ್ರ ಕಣ್ಣರಳಿಸಿ, "ಆಂಟಿ, ನಿಮ್ಮ ದನಿ ಭಾಳ ಛಂದ ಐತ್ರಿ! ಈಗಿನಕಿಂತ ಸಣ್ಣದಿತ್ತಲ್ರಿ?" ಎಂದಳು.

ಅದು ನನ್ನ ದನಿ ಅಲ್ಲ ಎಂದು ಅಲ್ಲೇ ಹೇಳಬಹುದಿತ್ತು. "ಹೂಂ, ಈಗ ಥಂಡಿ ಆಗೇತಿ," ಎಂದೆ.

ಅಣ್ಣ ಅದನ್ನು ಕಳಿಸಿದ ಆ ಕೊನೆಯ ಎಳ್ಳಮಾಸಿಗೆ ನಾನು ಹೊಲಕ್ಕೆ ಹೋಗಿಯೇ ಇರಲಿಲ್ಲ. ಪ್ರತಿ ವರ್ಷ ಮನೆಗೆ ಬಂದು, ಕುಂತು, ನೀರು ಕುಡಿದು ಕರೆಯುತ್ತಿದ್ದ ಅಣ್ಣ ಆ ಸಲ ಫೋನು ಮಾಡಿ, "ನಾಳೆ ಬಂದಬಿಡ ತಂಗಿ," ಎಂದಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಫೋನ್ ಮ್ಯಾಲ ಕರದ್ರ ಬರಾಕ ನಾ ಏನ್ ಹೊರಗಿನಾಕ್ಯೇನ?" ಎಂದು ಕಟ್ ಮಾಡಿದೆ. ಉದ್ಯಮಬಾಗದ ಕಾರ್ಖಾನೆಯಲ್ಲಿ ಅವನಿಗೆ ಆ ವಾರ ಎರಡೆರಡು ಪಾಳಿ ಬಿದ್ದಿತ್ತು ಎಂದು ಆಮೇಲೆ ತಿಳಿಯಿತು. ಹಬ್ಬದ ದಿನ ಮತ್ತೆರಡು ಸಲ ಫೋನು ಬಂತು, ಎತ್ತಲಿಲ್ಲ. ಯುಗಾದಿಗೆ ತಾನಾಗಿ ಬರುತ್ತಾನೆ, ಆಗ ಚೆನ್ನಾಗಿ ಬೈದು ಹೋಳಿಗೆ ಬಡಿಸುವುದು ಎಂದು ಲೆಕ್ಕ ಹಾಕಿದ್ದೆ. ಯುಗಾದಿಗೆ ಎಂಟು ದಿನ ಮೊದಲು, ಪಾಳಿ ಮುಗಿಸಿ ಬೈಕು ಹತ್ತುವಾಗ ಎದೆ ಹಿಡಿದುಕೊಂಡು ಕುಸಿದನಂತೆ.

ರೆಕಾರ್ಡಿಂಗನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಹಾಕಿಸಿಕೊಳ್ಳಬಾರದಿತ್ತು. ಗಂಡ ಹೊರಗೆ ಹೋದ ಕೂಡಲೇ ಅಡುಗೆಮನೆಯಲ್ಲಿ ನಳ ಬಿಟ್ಟುಕೊಂಡು ಕೇಳುತ್ತಿದ್ದೆ. ಕೇಳಿದಷ್ಟೂ ಸಲ ಹೊಸದೇನೋ ಕೇಳಿಸುತ್ತಿತ್ತು. ಕರೆಗೂ ಓಗೊಡುವುದಕ್ಕೂ ನಡುವೆ ಬುಟ್ಟಿ ಇಳಿಸಿದ ಸಪ್ಪಳ. ತಂಬಿಗೆಗೆ ಉಂಗುರ ತಾಗಿದ ಸಪ್ಪಳ. ಕೂಳೆಯ ಮೇಲೆ ಚಪ್ಪಲಿಯ ಚರಪರ, ಒಬ್ಬನದೇ ಹೆಜ್ಜೆ. ಮಗಳು ಇಷ್ಟು ಸಲ ಕೇಳಿದ್ದಳಲ್ಲ, ಆ ಹುಡುಗಿಯೂ ಕೇಳಿದಳಲ್ಲ, ಹೆಜ್ಜೆ ಒಬ್ಬನದೇ ಎಂದು ಯಾರಿಗೂ ಗೊತ್ತಾಗಲಿಲ್ಲವೇ? ರೊಟ್ಟಿ ತಟ್ಟುವಾಗ, ಮದುವೆಯ ಸೀರೆ ಮಡಚುವಾಗ ಹಿಂದೆ ಯಾರೋ ನನ್ನದೇ ಎಳೆಯ ದನಿಯಲ್ಲಿ ಓಗೊಟ್ಟಂತಾಗಿ ತಿರುಗಿ ನೋಡುತ್ತಿದ್ದೆ. ಸತ್ತವನು ಅಣ್ಣ, ದೆವ್ವ ಮಾತ್ರ ನನ್ನದು.

ವೈನಿ, ಅಂದರೆ ಅಣ್ಣನ ಹೆಂಡತಿ, ಮಗಳ ಬಳೆ ಶಾಸ್ತ್ರಕ್ಕೆ ಬಂದ ದಿನ ಬಾಗಿಲು ಮುಂದೆ ಮಾಡಿ, ಓಗೊಟ್ಟವರು ಯಾರೆಂದು ಕೇಳಿಯೇಬಿಟ್ಟೆ. ಅವರು ಬಳೆ ನೋಡುತ್ತಲೇ ಹೇಳಿದರು. "ಕರೆನೂ ಓನೂ ಎರಡೂ ಅವರ ಅಂದ್ರು. ನಾ ತಂಬಗಿ ಹಿಡೀತೀನಿ ಅಂದ್ರ ಬ್ಯಾಡ ಅಂದ್ರು. ಅದು ಆಕಿ ಜಾಗಾ, ಬಂದಾಳು ತಡಿ ಅಂದ್ರು." ಬಳೆ ಪಕ್ಕಕ್ಕೆ ಸರಿಸಿ, "ಹುಡುಗಿಗೆ ಜಗಳ ಗೊತ್ತಾಗಬಾರದಂತ ನಿಮ್ಮ ಹೆಸರ ಹೇಳಿ ಕಳಸಿದ್ರು," ಎಂದರು.

ಮಗಳಿಗೆ ಹೇಳಬೇಕು. ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಮಾಮಾ ಎಂದರೆ ಅವಳಿಗೆ ಜೀವ. ಅವನ ಕೊನೆಯ ಎಳ್ಳಮಾಸಿಗೆ ಅವ್ವ ಜೊತೆಗಿದ್ದಳು ಎಂಬ ಸಮಾಧಾನದ ಮೇಲೆ ಈ ಮದುವೆಯನ್ನೆಲ್ಲ ಕಟ್ಟಿದ್ದಳು. ಅದನ್ನು ಕಿತ್ತುಕೊಂಡರೆ ನನ್ನ ಮುಖ ಹೇಗೆ ನೋಡಿಯಾಳು ಎಂದು ಹೆದರಿ ಸುಮ್ಮನಾಗುತ್ತಿದ್ದೆ.

ಮದುವೆಯ ದಿನ ಹೊಲ ಗುರುತೇ ಸಿಗದಂತಿತ್ತು. ಚೆಂಡುಹೂವಿನ ಮಾಲೆ, ಕಬ್ಬಿನ ಕಮಾನು, ಬನ್ನಿ ಗಿಡಕ್ಕೆ ಎರಡು ಸ್ಪೀಕರು. ಅಕ್ಷತೆ ಬಿತ್ತು. ಮದುಮಕ್ಕಳ ಕೈಗೆ ಬುಟ್ಟಿ ಕೊಟ್ಟರು, ನನ್ನ ಕೈಗೆ ತಂಬಿಗೆ. ವ್ಯವಸ್ಥೆಯ ಹುಡುಗಿ ಓಡಿ ಬಂದು ಕಿವಿಯಲ್ಲಿ, "ಥಂಡಿ ಆಗೇತಿ ಅಂದಿದ್ರಲ್ರಿ. ಬರೇ ಬಾಯಿ ಆಡಸ್ರಿ ಆಂಟಿ, ದನಿ ನಾವು ಹಾಕ್ತೇವಿ," ಎಂದಳು.

"ಹುಲ್ಲುಲ್ಲಿಗೋ" ಎಂದ ಅಣ್ಣ, ಗಿಡದ ಮೇಲಿನಿಂದ. ಬುಟ್ಟಿಯ ಸಪ್ಪಳ, ಉಂಗುರದ ಸಪ್ಪಳ. ಸಣ್ಣ ದನಿ ಬಂತು. ನಾನು ಬಾಯಿ ಆಡಿಸಿದೆ. ಮಂದಿ ಚಪ್ಪಾಳೆ ತಟ್ಟಿದರು, ಬೀಗಿತ್ತಿ ನನ್ನತ್ತ ಕೈ ಬೀಸಿದರು. ಇಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಎರಡನೆಯ ಕರೆ ಬಂತು. ಬುಟ್ಟಿ ಇಳಿಯುವ ಮೊದಲೇ ನಾನು ಕೂಗಿದೆ, ನನ್ನ ಈಗಿನ ಒಡಕು ದನಿಯಲ್ಲಿ, "ಚಲಾಂಬರಿಗೋ". ಹಿಂದೆಯೇ ಸ್ಪೀಕರಿನಿಂದ ಸಣ್ಣ ದನಿಯ ಓ ಬಂತು. ಒಂದರ ಬೆನ್ನಿಗೊಂದು ಕೇಳಿದರೆ ಎರಡೂ ಒಬ್ಬರ ದನಿಯಲ್ಲ ಎಂದು ಯಾರಿಗಾದರೂ ತಿಳಿಯುವಂತಿತ್ತು. ಮಗಳು ಗಕ್ಕನೆ ತಿರುಗಿದಳು.

"ಅವ್ವಾ, ಅದು ಯಾರ ಹಂಗಾರ?"

"ನಿಮ್ಮ ಮಾಮಾ. ಎರಡೂ ಅವನ."

"ನೀ ಎಲ್ಲಿದ್ದಿ?"

"ಮನ್ಯಾಗ. ಫೋನ್ ಮ್ಯಾಲ ಕರದಾ ಅಂತ ಸಿಟ್ಟ ಮಾಡಿ ಕುಂತಿದ್ದೆ."

ಅವಳ ಕೈಯಲ್ಲಿ ಕಲಸಿದ ಅನ್ನ ಹಾಗೆಯೇ ಇತ್ತು. ಅಳಿಯ ಏನೆಂದು ತಿಳಿಯದೆ ಇಬ್ಬರನ್ನೂ ನೋಡುತ್ತ ನಿಂತ. ಮಗಳು ನನ್ನ ಕೈಯಲ್ಲಿನ ತಂಬಿಗೆಯನ್ನು ನೋಡಿದಳು. ಆಮೇಲೆ ಮುಂದೆ ತಿರುಗಿ, ಕೈಯಲ್ಲಿದ್ದ ಅನ್ನ ಚೆಲ್ಲಿ ನಡೆದಳು.

ಮೂರನೆಯ ಕರೆ ಬಂತು. ಅದಕ್ಕೆ ಸ್ಪೀಕರಿನಲ್ಲಿ ಓ ಇಲ್ಲ ಎಂದು ನನಗೂ ಅವಳಿಗೂ ಗೊತ್ತಿತ್ತು. ಅವಳು ನಡೆಯುವುದನ್ನು ನಿಲ್ಲಿಸಿದಳು, ತಿರುಗಲಿಲ್ಲ, ಕಾದಳು. ನಾನು ನೀರು ಚಿಮುಕಿಸಿ ಓಗೊಟ್ಟೆ.