ಮಾಮನ ಮುಂದೆ ಕಟ್ಟಿದ ಹಗ್ಗ

ಸಾರ್ಸ್ ಜ್ವರದ ಗಲಾಟೆ ಮುಗಿದು ವಿಮಾನಗಳು ಮೊದಲಿನಂತೆ ಹಾರತೊಡಗಿದ ಮರುವರ್ಷದ ಮಾತು. ಸಿಂಗಪುರದ ಒಂದು ಖಾಸಗಿ ಮರೀನಾದಲ್ಲಿ ನಾನು ಅಸಿಸ್ಟೆಂಟ್ ಡಾಕ್ ಮಾಸ್ಟರ್ ಆಗಿದ್ದೆ. ಮರೀನಾ ಎಂದರೆ ಶ್ರೀಮಂತರ ವಿಹಾರದ ದೋಣಿಗಳು, ಅಂದರೆ ಯಾಟ್‌ಗಳು ತಂಗುವ ಪುಟ್ಟ ಬಂದರು. ಒಂದು ಯಾಟ್ ನಿಲ್ಲುವ ಜಾಗಕ್ಕೆ ಬರ್ತ್ ಎನ್ನುತ್ತಾರೆ. ಯಾವ ಯಾಟ್ ಯಾವ ಬರ್ತಿಗೆ, ಹಗ್ಗ ಎಷ್ಟು ಬಿಗಿ ಎಷ್ಟು ಸಡಿಲ, ಗಾಳಿ ಎದ್ದರೆ ಯಾರನ್ನು ಎಲ್ಲಿಗೆ ಸರಿಸಬೇಕು, ಇದೆಲ್ಲ ಡಾಕ್ ಮಾಸ್ಟರನ ಕೆಲಸ. ಆ ವರ್ಷ ನಮ್ಮ ಡಾಕ್ ಮಾಸ್ಟರ್ ನಿವೃತ್ತರಾಗುವವರಿದ್ದರು. ಇದ್ದದ್ದು ಒಂದೇ ಕುರ್ಚಿ, ಅದಕ್ಕೆ ಕಾದವರು ಇಬ್ಬರು. ಒಬ್ಬ ನಾನು, ಇನ್ನೊಬ್ಬ ನನ್ನ ಚಿಕ್ಕಮ್ಮನ ಮಗ ತಿಮ್ಮಯ್ಯ.

ತಿಮ್ಮಯ್ಯನನ್ನು ಅಲ್ಲಿಗೆ ಸೇರಿಸಿದವನು ನಾನೇ, ಕೆಲಸ ಕಲಿಸಿದವನೂ ನಾನೇ. ಅವನು ನನಗೆ ಸಮನಾಗಿ ಬಂದು ನಿಂತಾಗ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆ ಉರಿಗೆ ಹಳೆಯ ಕಾರಣವೂ ಇತ್ತು. ನಮ್ಮೂರು ತಮಿಳುನಾಡಿನ ತೇನಿ ಜಿಲ್ಲೆಯ ತೇವಾರಂ. ಮನೆಯಲ್ಲಿ ಕನ್ನಡ, ಬೀದಿಗಿಳಿದರೆ ತಮಿಳು. ನಮ್ಮ ಜನರಲ್ಲಿ ಸೋದರಮಾವನ ಮಗಳು ಸೋದರಳಿಯನಿಗೇ ಸೇರಬೇಕು. ನಮ್ಮಿಬ್ಬರಿಗೂ ಒಬ್ಬರೇ ಮಾಮ, ಆ ಮಾಮನಿಗೆ ಒಬ್ಬಳೇ ಮಗಳು. ದೊಡ್ಡವನು ನಾನು ಮರದಂತೆ ನಿಂತಿರುವಾಗ ಅವಳನ್ನು ಚಿಕ್ಕವನಿಗೆ ಕೊಟ್ಟರು. ನನ್ನ ಹೆಂಡತಿ ಸರಸು ಬಂಗಾರದಂಥವಳು, ಅದು ಬೇರೆ ಮಾತು. ಮೊದಲ ಪಂಕ್ತಿಯಲ್ಲಿ ಕೂತವನನ್ನು ಎಬ್ಬಿಸಿ ಕಳಿಸಿದರೆ ಮನೆಯಲ್ಲಿ ಎಷ್ಟು ಒಳ್ಳೆಯ ಊಟವಿದ್ದರೂ ಆ ಅವಮಾನ ಮರೆಯುವುದಿಲ್ಲ.

ಆ ಸಮಯದಲ್ಲಿ ಮರೀನಾಕ್ಕೆ ಹಗ್ಗ ಕಟ್ಟುವ ಹೊಸ ಕೆಲಸಗಾರರು ಬೇಕಾದರು. ಮ್ಯಾನೇಜರ್ ಮಿಸೆಸ್ ಲಿಮ್ ನಮ್ಮಿಬ್ಬರ ದುಡಿಮೆ ನೋಡಿ, ನಿಮ್ಮ ಕಂಬಂ ಕಣಿವೆಯಿಂದಲೇ ಜನರನ್ನು ಆರಿಸೋಣ ಎಂದು ತಾವೇ ಹೊರಟು ಬಂದರು. ಡಾಕ್ ಮಾಸ್ಟರ್ ಯಾರೆಂಬುದನ್ನೂ ಈ ಪ್ರವಾಸದಲ್ಲೇ ತೀರ್ಮಾನಿಸುತ್ತೇನೆ ಎಂದು ವಿಮಾನದಲ್ಲಿ ನಮ್ಮಿಬ್ಬರಿಗೂ ಹೇಳಿದರು. ಅಲ್ಲಿಂದ ಮದುರೈ ಬರುವವರೆಗೆ ತಿಮ್ಮಯ್ಯ ಗೊರಕೆ ಹೊಡೆದ. ನನಗೆ ರೆಪ್ಪೆ ಕೂಡಲಿಲ್ಲ.

ಊರಲ್ಲಿ ಮಿಸೆಸ್ ಲಿಮ್ ಅವರಿಗೆ ಊಟ ಮಾಮನ ಮನೆಯಲ್ಲಿ. ಕಂಬಂ ಕಡೆಯಲ್ಲಿ ಮಾಮನದು ದೊಡ್ಡ ದ್ರಾಕ್ಷಿ ತೋಟ. ನಮ್ಮ ಮನೆ ಪಕ್ಕದ ಬೀದಿಯಲ್ಲೇ ಇದ್ದರೂ ಮೇಡಂರನ್ನು ಅಲ್ಲಿಗೆ ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ತಿಮ್ಮಯ್ಯನ ಎಲೆಗೆ ಕೋಳಿಯ ತೊಡೆ ಬಿತ್ತು, ನನ್ನ ಎಲೆಗೆ ಕುತ್ತಿಗೆ. ಊಟವಾದ ಮೇಲೆ ಮಾಮ ಮೇಡಂರನ್ನು ತೋಟಕ್ಕೆ ಕರೆದೊಯ್ದು ಪಂದಲು ತೋರಿಸಿದರು. ಪಂದಲು ಎಂದರೆ ಕಲ್ಲುಕಂಬಗಳ ಮೇಲೆ ತಂತಿ ಎಳೆದು ಬಳ್ಳಿ ಹಬ್ಬಿಸುವ ಚಪ್ಪರ. ಮಾಮ ತಂತಿಯನ್ನು ಬೆರಳಿನಿಂದ ಮೀಟಿದರು, ಅದು ಣಂಯ್ ಎಂದಿತು. ನಮ್ಮ ಕಣಿವೆಯಲ್ಲಿ ತಂತಿ ಜೋತುಬಿದ್ದ ತೋಟದ ಮನೆಗೆ ಹೆಣ್ಣು ಕೊಡಲು ಕೂಡ ಯೋಚಿಸುತ್ತಾರೆ.

ಮರುದಿನ ಬೆಳಿಗ್ಗೆ ಊರ ಕೆರೆಯ ದಂಡೆಯಲ್ಲಿ ಕೆಲಸ ಕೇಳಿ ಬಂದ ಹುಡುಗರಿಗೆ ಪರೀಕ್ಷೆ. ಹಿಂಗಾರು ಮಳೆಗೆ ಕೆರೆ ತುಂಬಿತ್ತು. ವೈಗೈ ಅಣೆಕಟ್ಟಿನ ಮೀನುಗಾರರಿಂದ ಒಂದು ಫೈಬರ್ ದೋಣಿಯನ್ನು ಬಾಡಿಗೆಗೆ ತಂದಿದ್ದೆವು. ದಂಡೆಯಲ್ಲಿ ಎರಡು ಕಲ್ಲುಕಂಬ ನೆಟ್ಟಿದ್ದೆವು. ದೋಣಿಯನ್ನು ಅವಕ್ಕೆ ಕಟ್ಟುವುದು ಹೇಗೆಂದು ತಿಮ್ಮಯ್ಯ ಮೊದಲು ತೋರಿಸಬೇಕು, ಆಮೇಲೆ ಹುಡುಗರು ಕಟ್ಟಬೇಕು ಎಂದು ಮೇಡಂ ಹೇಳಿದರು. ಮೊದಲು ತೋರಿಸುವುದಕ್ಕೂ ಅವನೇ ಬೇಕಾಯಿತಲ್ಲ ಎಂದು ಮತ್ತೆ ಉರಿಯಿತು.

ಅವನು ಸರಿಯಾಗಿಯೇ ಕಟ್ಟಿದ. ಕದಲದ ಕಂಬಕ್ಕೆ ದೋಣಿ ಕಟ್ಟುವಾಗ ಹಗ್ಗ ಸಡಿಲವಿರಬೇಕು. ಸಿಂಗಪುರದಲ್ಲಿ ಸಮುದ್ರ ದಿನಕ್ಕೆರಡು ಸಲ ಆಳೆತ್ತರಕ್ಕೂ ಹೆಚ್ಚು ಏರಿಳಿಯುತ್ತದೆ. ಹಗ್ಗ ಬಿಗಿಯಾಗಿದ್ದರೆ ಇಳಿತದಲ್ಲಿ ದೋಣಿ ಕಂಬಕ್ಕೆ ನೇತಾಡುತ್ತದೆ. ಕೆರೆಯಲ್ಲಿ ಉಬ್ಬರವಿಳಿತವಿಲ್ಲ, ಆದರೆ ಜನ ಹತ್ತಿದರೆ ದೋಣಿ ನೀರಿಗೆ ತಗ್ಗಲೇಬೇಕಲ್ಲ.

ನೋಡಲು ಅರ್ಧ ಊರು ಸೇರಿತ್ತು. ಮುಂದೆ ನಿಂತಿದ್ದ ಮಾಮ ಜೋತುಬಿದ್ದ ಹಗ್ಗ ನೋಡಿ ಮುಖ ಸಿಂಡರಿಸಿದರು.

"ಏನು ಮಾಪ್ಳೆ, ಹಗ್ಗ ತೊಟ್ಲಂಗೆ ತೂಗ್ತದೆ? ಇಂಗೆ ಕಟ್ಟಿದ್ರೆ ನಮ್ಮ ಪಂದಲು ಒಂದು ಗೊಂಚಲು ತಾಂಗ್ತದಾ?"

ಮಾಪ್ಳೆ ಎಂದರೆ ಅಳಿಯ, ತಾಂಗುವುದು ಎಂದರೆ ಭಾರ ಹೊರುವುದು. ಸುತ್ತ ನಿಂತವರು ಕಿಸಿಕಿಸಿ ನಕ್ಕರು. ತಿಮ್ಮಯ್ಯ ಕೆಂಪಾದ. ಹೆಣ್ಣು ಕೊಟ್ಟ ಮಾವನಿಗೆ ಎದುರು ಮಾತಾಡುವ ಅಳಿಯ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅವನು ಸುಮ್ಮನೆ ಬಾಗಿ ಹಗ್ಗವನ್ನು ಮೋಟು ಮಾಡಿ ಜಗ್ಗಿ ಕಟ್ಟಿದ.

"ಬ್ಯಾಡ ತಿಮ್ಮಾ, ಸಡಿಲ ಬುಡು. ಮೇಡಂ ಹತ್ತೋರವ್ರೆ" ಎಂದೆ ನಾನು, ಎಲ್ಲರಿಗೂ ಕೇಳುವಂತೆ.

"ನೀ ಸುಮ್ನಿರಪ್ಪ. ನೀನು ಎಂದು ಪಂದಲು ಕಟ್ಟಿದೀಯ?" ಎಂದರು ಮಾಮ.

"ಇದು ಪಂದಲಲ್ಲ ಮಾಮಾ, ದೋಣಿ. ಈ ಹಗ್ಗ ತಪ್ಪು" ಎಂದು ನಾನೂ ಬಿಡಲಿಲ್ಲ.

ನಮ್ಮ ಕನ್ನಡ ಅರ್ಥವಾಗದ ಮಿಸೆಸ್ ಲಿಮ್ ಅಷ್ಟರಲ್ಲಿ ದೋಣಿಗೆ ಕಾಲಿಟ್ಟಿದ್ದರು. ಹಿಂದೆಯೇ ಮೂರು ಜನ ಹತ್ತಿದರು. ಭಾರಕ್ಕೆ ದೋಣಿ ತಗ್ಗಲು ನೋಡಿತು. ದಂಡೆಯ ಕಡೆ ಇಳಿಯಲು ಹಗ್ಗ ಬಿಡಲಿಲ್ಲ, ಕೆರೆಯ ಕಡೆ ಮಾತ್ರ ಇಳಿಯಿತು. ಎಲ್ಲರೂ ಒಂದೇ ಬದಿಗೆ ಜಾರಿದರು, ದೋಣಿ ಪಕ್ಕಕ್ಕೆ ವಾಲಿ ನೀರು ನುಗ್ಗಿತು, ಮೇಡಂ ಬಿದ್ದರು. ತಿಮ್ಮಯ್ಯ ಹಾರಿ ಅವರನ್ನು ಎತ್ತಿದ. ನೀರು ಎದೆಮಟ್ಟ ಇದ್ದುದರಿಂದ ಯಾರಿಗೂ ಏನೂ ಆಗಲಿಲ್ಲ.

ಮಾಮನ ಮಗಳು ಓಡಿ ತಂದ ಟವೆಲ್ ಹೊದ್ದು ಮಿಸೆಸ್ ಲಿಮ್ ತಿಮ್ಮಯ್ಯನನ್ನು ಕೇಳಿದರು: "ಇದು ತಪ್ಪೆಂದು ನಿನಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು ಮೇಡಂ. ಮಾಮ ಹೇಳಿದರು. ಇಲ್ಲ ಎನ್ನಲು ಆಗಲಿಲ್ಲ."

"ಯಾಟ್‌ಗಳ ಮಾಲೀಕರು ನಿನ್ನ ಮಾಮನಿಗಿಂತ ಜೋರು. ಅವರಿಗೆ ಇಲ್ಲ ಎನ್ನುವುದೇ ಡಾಕ್ ಮಾಸ್ಟರನ ಕೆಲಸ" ಎಂದು ಅವರು ನನ್ನ ಕಡೆ ತಿರುಗಿದರು. "ನೀನು ಇಲ್ಲ ಎಂದದ್ದು ಯಾಕೆಂದು ನೀರಿಗೆ ಬಿದ್ದ ಮೇಲೆ ಭಾಷೆ ಬರದ ನನಗೂ ತಿಳಿಯಿತು."

ಕುರ್ಚಿ ನನ್ನದಾಯಿತು. ಆ ದಿನ ನನಗಾದ ಸಂತೋಷವನ್ನು ಮುಚ್ಚಿಡಲು ಬಾಯಿಗೆ ಹೆಗಲ ಮೇಲಿನ ಟವೆಲ್ ಅಡ್ಡ ಹಿಡಿಯಬೇಕಾಯಿತು. ತಿಮ್ಮಯ್ಯ ಬಂದು ಕೈಹಿಡಿದು "ಒಳ್ಳೇದಾಯ್ತು ಅಣ್ಣಾ" ಎಂದ. ಅವನು ಅತ್ತಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಆ ಸಂಜೆಯೇ ಮಾಮ ನಮ್ಮಿಬ್ಬರನ್ನೂ ಜಗಲಿಗೆ ಕರೆದರು. ಮುಖ ಬಾಡಿತ್ತು.

"ನನ್ನ ಮಾತು ಕೇಳಿ ಮಾಪ್ಳೆ ಬಾಳು ಕೆಡಿಸ್ಕಂಡ. ಅಷ್ಟು ಜನದ ಮುಂದೆ ನನ್ನ ಮರ್ಯಾದೆ ಕಾಪಾಡ್ದ. ಇನ್ಮೇಲೆ ಅಲ್ಲಿಗೋಗಿ ಯಾರ ಕೈಕೆಳಗೂ ಇರಬ್ಯಾಡ. ತೋಟ ನಿಂದು ಮಾಪ್ಳೆ. ಇಲ್ಲೇ ಇರು."

ನನಗೆ ಒಂದು ಲೋಟ ಕಾಫಿ ಬಂತು. ನಿಜ ಹೇಳಿದವನಿಗೆ ನಮ್ಮಲ್ಲಿ ಕಾಫಿ ಕೊಟ್ಟು ಕಳಿಸುತ್ತಾರೆ, ಅಷ್ಟೇ.

ನಾನು ಡಾಕ್ ಮಾಸ್ಟರ್ ಆಗಿ ಹಿಂತಿರುಗಿದೆ. ಪ್ರತಿ ಸುಗ್ಗಿಯಲ್ಲೂ ತಿಮ್ಮಯ್ಯ ಫೋಟೋ ಕಳಿಸುತ್ತಿದ್ದ: ಕಪ್ಪು ಗೊಂಚಲುಗಳು, ಪಂದಲಿನ ನೆರಳಲ್ಲಿ ಹಾಸಿದ ಚಾಪೆ, ಅದರ ಮೇಲೆ ಮಾಮನ ಪಕ್ಕದಲ್ಲಿ ಇವನು. ನಾನು ಬೇರೆಯವರ ಯಾಟಿನ ಹಗ್ಗ ಸಡಿಲಿಸುತ್ತ ಅವನ್ನು ನೋಡುತ್ತಿದ್ದೆ. ಗೆದ್ದವನು ನಾನು, ಬಿಸಿಲಲ್ಲಿ ನಿಂತವನೂ ನಾನು.

ಆ ಕುರ್ಚಿಯಲ್ಲಿ ಕೂತಷ್ಟು ವರ್ಷ ಯಾವ ಮಾಲೀಕನೂ ನನ್ನ ಹತ್ತಿರ ಬಂದು ತನ್ನ ಬರ್ತ್ ಚೆನ್ನಾಗಿದೆ ಎನ್ನಲಿಲ್ಲ. ಎಲ್ಲರಿಗೂ ಪಕ್ಕದವನ ಬರ್ತೇ ಬೇಕು: ಅಲ್ಲಿ ಅಲೆ ಕಡಿಮೆಯಂತೆ, ಗಾಳಿ ತಂಪಂತೆ. ಒಮ್ಮೆ ರೇಗಿ ಇಬ್ಬರು ಮಾಲೀಕರ ಬರ್ತುಗಳನ್ನು ಅದಲುಬದಲು ಮಾಡಿದೆ. ತಿಂಗಳೊಳಗೆ ಇಬ್ಬರೂ ಹಳೆಯ ಜಾಗ ಕೇಳಿಕೊಂಡು ಬಂದರು. ಹೊಟ್ಟೆಕಿಚ್ಚಿಗೆ ಬರ್ತ್ ಬದಲಾಯಿಸಿ ಪ್ರಯೋಜನವಿಲ್ಲ ಎಂಬುದೇ ಈ ವೃತ್ತಿ ನನಗೆ ಕಲಿಸಿದ ಪಾಠ. ಕಲಿತೆ ಎಂದಲ್ಲ, ಕಲಿಸಿತು.

ನಿವೃತ್ತನಾಗುವ ಮೊದಲಿನ ವಾರ ತಿಮ್ಮಯ್ಯ ಫೋನ್ ಮಾಡಿದ. ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ ಕೇಳಿದ:

"ಅಣ್ಣಾ, ಆ ಕುರ್ಚಿಲಿ ಕುಂತ್ರೆ ಕಡಲೆಲ್ಲಾ ಕಾಣ್ತದಂತೆ, ನಿಜವಾ? ಮಾಮಂಗೆ ಅವತ್ತು ಒಂದು ಮಾತು ಇಲ್ಲ ಅಂದಿದ್ರೆ ನಾನೂ ನೋಡ್ತಿದ್ನಲ್ಲಾ ಅಂತ ದಿನಾ ಅನ್ನಿಸ್ತದೆ."

ಆ ಕುರ್ಚಿಯಿಂದ ಕಾಣುವುದು ಡೀಸೆಲ್ ಟ್ಯಾಂಕಿನ ಗೋಡೆ ಮಾತ್ರ.

"ಕಣ್ಣು ತುಂಬ ಕಾಣ್ತದೆ ತಮ್ಮಾ" ಎಂದೆ. ಆ ಮಧ್ಯಾಹ್ನ ಎಷ್ಟೋ ವರ್ಷಗಳ ಮೇಲೆ ನನಗೆ ಊಟ ರುಚಿಸಿತು.