ಗಾಳಿಗೆ ಹೋದ ತೋಟ, ಉಳಿದ ಗುಲಾಬಿ

ನಾನು ನಿವೃತ್ತನಾಗುವ ಹಿಂದಿನ ಬೇಸಿಗೆ. ತಳಿ ಎಂಬ ಊರಿನ ಹತ್ತಿರದ ಒಂದು ಹೂವಿನ ಪ್ಯಾಕ್‌ಹೌಸ್‌ನಲ್ಲಿ ಕೋಲ್ಡ್ ರೂಮ್ ಮೇಲ್ವಿಚಾರಕನಾಗಿದ್ದೆ. ಸುತ್ತಲಿನ ರೈತರು ಕೊಯ್ದು ತಂದ ಗುಲಾಬಿಯನ್ನು ಲಾರಿ ಹತ್ತುವವರೆಗೆ ಬಾಡದಂತೆ ಕಾಯುವುದು ನನ್ನ ಕೆಲಸ.

ಉದ್ದನಪಲ್ಲಿಯ ಕಮಲಮ್ಮ ನಮಗೆ ಕೆಂಪು ಗುಲಾಬಿ ಕೊಡುತ್ತಿದ್ದರು. ಒಂದು ಸಂಜೆ ಬೀಸಿದ ಬಿರುಗಾಳಿಗೆ ಅವರ ಗುಲಾಬಿ ತೋಟದ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಕಿತ್ತುಹೋಯಿತು. ಆಲಿಕಲ್ಲು ಗಿಡಗಳನ್ನು ಜಜ್ಜಿಹಾಕಿತು. ಮರುದಿನ ಅವರು ನಮ್ಮಲ್ಲಿಗೆ ಬಂದಾಗ ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ.

"ನಮ್ ಮಗ್ಳು ರೂಪಾ ಮದ್ವೆಗೆ ನಮ್ ತೋಟದ್ ಹೂವಿಂದೇ ಹಾರ ಕಟ್ಬೇಕು ಅಂತಿದ್ದೆ ಸಾರ್. ಈಗ ಉಳ್ದಿರೋದು ನೆನ್ನೆ ನಿಮ್ತಾವ ತಂದಾಕಿದ್ದಷ್ಟೇ. ಅಲ್ಲೀಗಂಟ ಮಡಗ್ತೀರಾ?"

ಮದುವೆಗೆ ಇನ್ನೂ ಮೂರು ವಾರವಿತ್ತು. ಎರಡು ವಾರ ದಾಟಿದ ಗುಲಾಬಿಯನ್ನು ನಾನು ಯಾರಿಗೂ ಕೊಟ್ಟವನಲ್ಲ. "ಭರವಸೆ ಕೊಡೋಕಾಗಲ್ಲಮ್ಮ, ಪ್ರಯತ್ನ ಮಾಡ್ತೀನಿ" ಅಂದೆ.

ಬಿಗಿಯಾದ ಮೊಗ್ಗುಗಳನ್ನಷ್ಟೇ ಆರಿಸಿದೆ. ಅವು ಹೊಟ್ಟೆತುಂಬ ನೀರು ಕುಡಿದ ಮೇಲೆ ಎಲೆಯ ತೇವ ಆರಿಸಿ, ಪೇಪರಿನಲ್ಲಿ ಸುತ್ತಿ, ಪಾಲಿಥಿನ್ ಹೊದಿಸಿ, ನೀರಿಲ್ಲದೆಯೇ ಕೋಲ್ಡ್ ರೂಮಿನ ಅತಿ ತಣ್ಣಗಿನ ಮೂಲೆಯಲ್ಲಿಟ್ಟೆ. ಅಲ್ಲಿನ ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಕೂದಲೆಳೆಯಷ್ಟು ಮೇಲಿರಬೇಕು; ಕೆಳಗಿಳಿದರೆ ದಳ ಸುಟ್ಟಂತಾಗುತ್ತದೆ. ತೇವ ಕಟ್ಟಿದರೆ ಬೊಟ್ರೈಟಿಸ್ ಎಂಬ ಬೂದು ಬೂಷ್ಟು ಹಿಡಿಯುತ್ತದೆ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಹೂವಿಗೆ ಬೇಗ ಮುಪ್ಪು ತರುತ್ತದೆಂದು, ಊಟದ ಡಬ್ಬಿಯಲ್ಲಿ ಬಾಳೆಹಣ್ಣು ತರುವವರನ್ನೂ ಆ ಕಡೆ ಬಿಡಲಿಲ್ಲ.

ಮದುವೆಗೆ ಎರಡು ದಿನ ಇರುವಾಗ ತಾಯಿ ಮಗಳು ಇಬ್ಬರೂ ಬಂದರು. ಕಟ್ಟು ಬಿಚ್ಚಿದೆ. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಉಳಿದವುಗಳ ಕತ್ತು ಜೋತುಬಿದ್ದಿತ್ತು, ದಳ ತೊಗಲಿನಂತಾಗಿತ್ತು.

"ಸತ್ತೋಗ್ಬುಟ್ಟವಲ್ಲ ಸಾರ್" ಅಂದು ಕಮಲಮ್ಮ ಗೋಡೆಗೊರಗಿ ಕೂತುಬಿಟ್ಟರು.

ಆದರೂ ನಾನು ಬೂಷ್ಟು ಹಿಡಿದವನ್ನು ತೆಗೆದುಹಾಕಿ, ಉಳಿದವುಗಳ ಒಂದೊಂದೇ ಕಾಂಡವನ್ನು ನೀರೊಳಗೇ ಹಿಡಿದು ತುದಿ ಕತ್ತರಿಸಿದೆ. ಹೊರಗೆ ಕತ್ತರಿಸಿದರೆ ಕಾಂಡದೊಳಗೆ ಗಾಳಿ ಹೊಕ್ಕು ನೀರಿಗೆ ಅಡ್ಡ ನಿಲ್ಲುತ್ತದೆ. ಸಿಟ್ರಿಕ್ ಆಮ್ಲ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, ಹೂವರಳುವ ಶಕ್ತಿಗೆ ಒಂದಿಷ್ಟು ಸಕ್ಕರೆ ಹಾಕಿದೆ. ಆಮೇಲೆ ಕಾಯುವುದಲ್ಲದೆ ಬೇರೇನೂ ಇರಲಿಲ್ಲ.

ಮೊದಲು ಕಂಡವಳು ರೂಪಾ. "ಅಮ್ಮಾ, ಅಲ್ನೋಡು, ಕತ್ತು ಎತ್ತೈತೆ!"

ಒಂದು ಹೂ ನೆಟ್ಟಗಾಗಿತ್ತು. ಅದರ ಪಕ್ಕದ್ದು ಏಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಕೆಟ್ ತುಂಬ ತಲೆಗಳು ನಿಂತಿದ್ದವು. ಮರುದಿನ ಬೆಳಿಗ್ಗೆ ಹೊರದಳಗಳು ಹಿಂದಕ್ಕೆ ಬಾಗಿ, ನಡುವಿನ ಕಡುಗೆಂಪು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಬೇರಿಲ್ಲ, ಗಿಡವಿಲ್ಲ, ಗಿಡ ನಿಂತಿದ್ದ ತೋಟವೂ ಇಲ್ಲ. ಅವು ಅರಳುತ್ತಿದ್ದವು. ಇಡೀ ವೃತ್ತಿಯಲ್ಲಿ ಲಕ್ಷಾಂತರ ಗುಲಾಬಿ ನನ್ನ ಕೈ ದಾಟಿದ್ದವು. ಒಂದಾದರೂ ಅರಳುವುದನ್ನು ನಾನು ಕೂತು ನೋಡಿದ್ದು ಅಂದೇ ಮೊದಲು.

ಹಾರ ಕಟ್ಟಲು ಕತ್ತರಿ ಹಿಡಿದ ಕಮಲಮ್ಮನಿಗೆ ಕೈ ಬರಲಿಲ್ಲ. "ಇಷ್ಟು ಕಷ್ಟಪಟ್ಟು ಎದ್ದವೆ, ಹೆಂಗ್ ಕತ್ತರಿಸ್ಲಿ?"

"ಕತ್ತರಿಸಮ್ಮ" ಅಂದಳು ರೂಪಾ. "ನಿನ್ನ ಕೈಯಾಗೆ ಹಾರ ಆಗಕ್ಕೇ ಅಲ್ವಾ ಅವು ಕಾದಿದ್ದು."

ಒಂದು ಜೊತೆ ಹಾರಕ್ಕೆ ಸರಿಯಾಗಿ ಸಾಕಾಯಿತು. ಹೂವನ್ನು ಬದುಕಿಸುವವನು ನಾನೇ ಅಂದುಕೊಂಡು ವರ್ಷಗಟ್ಟಲೆ ದುಡಿದಿದ್ದೆ. ನಾನು ಮಾಡುತ್ತಿದ್ದುದು ಅಡ್ಡಿಗಳನ್ನು ದೂರವಿಡುವುದಷ್ಟೇ. ಬದುಕುವ ಕೆಲಸವನ್ನು ಹೂವೇ ಮಾಡಿಕೊಳ್ಳುತ್ತಿತ್ತು.